ಹೊಸ ಹೆಡ್‌ಫೋನ್ ಕೊಳ್ಳುವ ಮುಂಚೆ ಇಷ್ಟು ನೋಡಿ



ಬನಶಂಕರಿ ಕಡೆಯ ನಮ್ಮ ಒಂದು ಸಂಘದ ಸದಸ್ಯೆ ಒಂದು ಸಂಜೆ ಫೋನು ಮಾಡಿದರು. "ಸಿಸ್ಟರ್, ಮಗಳ ಇಂಟರ್‌ವ್ಯೂ ಹಾಳಾಯ್ತು. ಅವ್ರು ಮಾತಾಡಿದ್ದೆಲ್ಲಾ ಇವಳಿಗೆ ಕೇಳಿಸ್ತಿತ್ತು. ಇವಳು ಮಾತಾಡಿದ್ದು ಮಾತ್ರ ಅವ್ರಿಗೆ ಕೇಳಿಸ್ಲೇ ಇಲ್ಲ. ಮೂರು ಸಲ ಹಲೋ ಹಲೋ ಅಂದ್ರು, ಆಮೇಲೆ ಕಟ್ ಮಾಡ್ಬಿಟ್ರು" ಎಂದರು. ಮಗಳು ಬಿ.ಕಾಂ. ಮುಗಿಸಿದವಳು. ತಾಯಿ ನಾಲ್ಕು ಮನೆಗಳಲ್ಲಿ ಅಡುಗೆ ಮಾಡಿ ಓದಿಸಿದ್ದಾರೆ. ಬಿಟಿಎಂ ಲೇಔಟ್ ಕಡೆಯ ಒಂದು ಕಚೇರಿಯಲ್ಲಿ ಗ್ರಾಹಕರ ಕರೆಗೆ ಉತ್ತರ ಕೊಡುವ ಕೆಲಸ ಅದು. ಮಾತಾಡುವ ಕೆಲಸಕ್ಕೆ ಕರೆದವರಿಗೆ ಹುಡುಗಿಯ ಮಾತೇ ತಲುಪಲಿಲ್ಲ.

ನಾವು ಏನು ಹೇಳಿದೆವು? ಹೆಚ್ಚು ಯೋಚನೆ ಮಾಡದೆ, "ಹೆಡ್‌ಫೋನ್ ಹಳೇದಾಗಿರಬೇಕು, ಒಂದು ಹೊಸದು ತಗೊಳ್ಳಿ" ಎಂದುಬಿಟ್ಟೆವು. ಆಕೆ ಸಂಘದಲ್ಲಿ 1200 ರೂಪಾಯಿ ಸಾಲ ಪಡೆದು ಹೊಸದು ತಂದರು. ಹೊಸದರಲ್ಲೂ ಅದೇ ಕತೆ. ಆಗ ನಾವು ಕಂಪ್ಯೂಟರ್ ಬಲ್ಲ ನಮ್ಮ ಒಬ್ಬ ಕಾರ್ಯಕರ್ತೆಯನ್ನು ಕರೆದುಕೊಂಡು ಅವರ ಮನೆಗೆ ಹೋದೆವು. ಕೂತು ಒಂದೊಂದಾಗಿ ನೋಡಿದಾಗ ಗೊತ್ತಾಯಿತು: ಹಳೆಯ ಹೆಡ್‌ಫೋನೂ ಸರಿಯಿತ್ತು, ಹೊಸದೂ ಸರಿಯಿತ್ತು, ಕಂಪ್ಯೂಟರೂ ಸರಿಯಿತ್ತು. ಜೋಡಿಸಿದ ರೀತಿಯಲ್ಲಿ ಒಂದು ಕೊರತೆ ಇತ್ತು. ಅದನ್ನು ನೀಗಿಸಿದ್ದು 150 ರೂಪಾಯಿಯ ಒಂದು ಗೇಣುದ್ದದ ವೈರು.

ಆ 1200 ರೂಪಾಯಿ ನಮ್ಮ ಮಾತು ಕೇಳಿ ಹೋದದ್ದು. ಇನ್ನೊಂದು ಮನೆಯಲ್ಲಿ ಹಾಗೆ ಆಗಬಾರದು ಎಂದು ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಮಕ್ಕಳ ಪಾಠ, ಟ್ಯಾಲಿ ತರಬೇತಿ, ಸಂದರ್ಶನ, ಊರಲ್ಲಿರುವವರ ಜೊತೆ ವಿಡಿಯೋ ಕಾಲ್, ಎಲ್ಲದಕ್ಕೂ ಇದು ಬೇಕಾಗುತ್ತದೆ. ಓದಿ, ಮನೆಯ ಕಂಪ್ಯೂಟರ್ ಮುಂದೆ ಒಂದು ಸಲ ಮಾಡಿ ನೋಡಿ.

ಎರಡು ದಾರಿ ಇದೆ ಎಂಬುದು ಮೊದಲ ಪಾಠ

ನಲ್ಲಿಯಲ್ಲಿ ನೀರು ಬಾರದಿದ್ದರೆ ನಾವು ಏನು ಮಾಡುತ್ತೇವೆ? ನಲ್ಲಿಯನ್ನೇ ಕಿತ್ತು ಹೊಸದು ಹಾಕಿಸುವುದಿಲ್ಲ. ಬಚ್ಚಲ ನಲ್ಲಿಯಲ್ಲಿ ಬರುತ್ತಾ ನೋಡುತ್ತೇವೆ. ವಾಲ್ವ್ ಯಾರಾದರೂ ತಿರುಗಿಸಿದ್ದಾರಾ ನೋಡುತ್ತೇವೆ. ಟ್ಯಾಂಕು, ಮೋಟಾರು, ಸಂಪು, ಕೊನೆಗೆ ಇವತ್ತು ಕಾವೇರಿ ನೀರು ಬಿಟ್ಟಿದ್ದಾರಾ ಎಂದು ಪಕ್ಕದ ಮನೆಯವರನ್ನು ಕೇಳುತ್ತೇವೆ. ನೀರು ಬರುವ ದಾರಿ ನಮಗೆ ಗೊತ್ತು, ಅದಕ್ಕೇ ಎಲ್ಲಿ ನಿಂತಿದೆ ಎಂದು ಹುಡುಕಲು ಗೊತ್ತು.

ದನಿಗೂ ಹೀಗೇ ದಾರಿ ಇದೆ. ಹಾಡೋ ಪಾಠವೋ ನಡೆಯುತ್ತಿರುವ ಪ್ರೋಗ್ರಾಂನಿಂದ ದನಿ ಹೊರಡುತ್ತೆ. ಅಲ್ಲಿಂದ ಕಂಪ್ಯೂಟರಿನ ಸೌಂಡ್ ಸೆಟ್ಟಿಂಗ್, ಅಲ್ಲಿಂದ ಕಂಪ್ಯೂಟರಿನ ತೂತು, ಅದರೊಳಗಿನ ಪಿನ್, ಪಿನ್ನಿನಿಂದ ವೈರು, ವೈರಿನಿಂದ ಕಿವಿ. ಇದು ಕೇಳುವ ದಾರಿ.

ಮಾತಿನ ದಾರಿ ಬೇರೆ. ಅದು ಬಾಯಿಂದ ಹೊರಟು ಹೆಡ್‌ಫೋನಿನ ಮೈಕ್, ವೈರು, ಪಿನ್, ತೂತು, ಸೆಟ್ಟಿಂಗ್, ಪ್ರೋಗ್ರಾಂ ಎಂದು ಹಿಂದಕ್ಕೆ ಹೋಗುತ್ತೆ. ಕೇಳುವ ದಾರಿ ಸರಿಯಿದೆ ಎಂದ ಮಾತ್ರಕ್ಕೆ ಮಾತಿನ ದಾರಿ ಸರಿಯಿದೆ ಎಂದಲ್ಲ. ಬನಶಂಕರಿಯ ಹುಡುಗಿಗೆ ಆದದ್ದು ಇದೇ. ಆ ಕಂಪ್ಯೂಟರನ್ನು 2020ರಲ್ಲಿ, ಕೋವಿಡ್‌ನಿಂದ ಶಾಲೆ ಕಾಲೇಜು ಮುಚ್ಚಿದ್ದಾಗ, ಎಸ್.ಪಿ. ರಸ್ತೆಯಲ್ಲಿ ಹಳೆಯದನ್ನು ಕೊಂಡು ತಂದಿದ್ದರು. ಆನ್‌ಲೈನ್ ಪಾಠದಲ್ಲಿ ಅವಳು ಕೇಳಿಸಿಕೊಂಡಳೇ ಹೊರತು ಒಂದು ದಿನವೂ ಮಾತಾಡಲಿಲ್ಲ. ಹೀಗಾಗಿ ಮೈಕ್ ಕೆಲಸ ಮಾಡುತ್ತಿಲ್ಲ ಎಂದು ವರ್ಷಗಟ್ಟಲೆ ಯಾರಿಗೂ ತಿಳಿಯಲೇ ಇಲ್ಲ.

ನಿಮ್ಮ ಹತ್ತಿರ ಇರುವುದು ಯಾವ ಬಗೆ?

ಹೆಡ್‌ಫೋನನ್ನು ಕೈಗೆ ತೆಗೆದುಕೊಂಡು ಅದರ ತುದಿ ನೋಡಿ.

1. ಒಂದೇ ತೆಳ್ಳಗಿನ ಪಿನ್ ಇರುವುದು. ಇದರ ದಪ್ಪ 3.5 ಮಿ.ಮೀ. ಪಿನ್ನಿನ ಮೇಲೆ ಬಳೆಯ ಹಾಗೆ ಸಣ್ಣ ಗೆರೆಗಳಿರುತ್ತವೆ, ಕೆಲವದರಲ್ಲಿ ಕಪ್ಪು, ಕೆಲವದರಲ್ಲಿ ಬಿಳಿ. ಅವನ್ನು ಎಣಿಸಿ. ಎರಡು ಗೆರೆ ಇದ್ದರೆ ಪಿನ್ ಮೂರು ಭಾಗವಾಗಿದೆ: ಎಡಕಿವಿಗೆ ಒಂದು, ಬಲಕಿವಿಗೆ ಒಂದು, ಎರಡಕ್ಕೂ ಸೇರಿದ ಅರ್ಥಿಂಗ್ ಒಂದು. ಇದು ಕೇಳುವುದಕ್ಕೆ ಮಾತ್ರ. ಮೂರು ಗೆರೆ ಇದ್ದರೆ ನಾಲ್ಕು ಭಾಗ. ಆ ನಾಲ್ಕನೆಯದು ಮೈಕ್. ಮೊಬೈಲಿಗೆ ಹಾಕುವ ಇಯರ್‌ಫೋನ್ ಹೆಚ್ಚಾಗಿ ಈ ಬಗೆಯದು.

2. ಎರಡು ಪಿನ್ ಇರುವುದು. ಒಂದರ ಬುಡದಲ್ಲಿ ಹಸಿರು ಬಣ್ಣ ಅಥವಾ ಹೆಡ್‌ಫೋನ್ ಚಿತ್ರ, ಇನ್ನೊಂದರಲ್ಲಿ ಗುಲಾಬಿ ಬಣ್ಣ ಅಥವಾ ಮೈಕ್ ಚಿತ್ರ. ಇದು ಡೆಸ್ಕ್‌ಟಾಪ್ ಕಂಪ್ಯೂಟರಿಗೆಂದೇ ಮಾಡಿದ್ದು.

3. ಯುಎಸ್‌ಬಿ ತುದಿ ಇರುವುದು. ಪೆನ್‌ಡ್ರೈವ್ ಹಾಕುವ ಜಾಗಕ್ಕೇ ಇದನ್ನೂ ಹಾಕುವುದು. ಕೇಳುವುದು, ಮಾತು ಎರಡೂ ಒಂದೇ ವೈರಿನಲ್ಲಿ.

4. ಬ್ಲೂಟೂತ್. ವೈರಿಲ್ಲ, ಚಾರ್ಜ್ ಮಾಡಬೇಕು.

ಈ ಪಿನ್ನಿನ ಕತೆ ಕೇಳಿದರೆ ನಿಮಗೆ ಖುಷಿಯಾಗುತ್ತೆ. ಇದು ಹುಟ್ಟಿದ್ದು ಹಳೆಯ ಕಾಲದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ಇದಕ್ಕಿಂತ ದಪ್ಪನಾಗಿ. ಒಬ್ಬರ ಕರೆಯನ್ನು ಇನ್ನೊಬ್ಬರಿಗೆ ಸೇರಿಸಲು ಬೋರ್ಡಿನ ತೂತುಗಳಿಗೆ ಪಿನ್ ಚುಚ್ಚುತ್ತಿದ್ದರು. ಅಮೆರಿಕದ ಬಾಸ್ಟನ್ ನಗರದಲ್ಲಿ 1878ರಲ್ಲಿ ಎಮ್ಮಾ ನಟ್ ಎಂಬಾಕೆ ಮೊದಲ ಮಹಿಳಾ ಆಪರೇಟರ್ ಆಗಿ ಸೇರಿದರು. ಆಮೇಲೆ ಲೋಕದ ಎಷ್ಟೋ ಎಕ್ಸ್‌ಚೇಂಜುಗಳಲ್ಲಿ ಆ ಕೆಲಸ ಹೆಂಗಸರದೇ ಆಯಿತು. ತಲೆಗೆ ಹಾಕುವ ಹೆಡ್‌ಫೋನನ್ನು 1910ರಲ್ಲಿ ಅಮೆರಿಕದ ನೌಕಾಪಡೆಗೆ ಮಾಡಿಕೊಟ್ಟ ನಥಾನಿಯಲ್ ಬಾಲ್ಡ್ವಿನ್ ಅವನ್ನು ತಮ್ಮ ಮನೆಯ ಅಡುಗೆಮನೆಯಲ್ಲಿ ಕೂತು ಜೋಡಿಸಿದ್ದರು. ನಮ್ಮ ಬೆಂಗಳೂರಿನಲ್ಲೇ 1948ರಲ್ಲಿ ಶುರುವಾದ ದೂರವಾಣಿನಗರದ ಐಟಿಐ ಕಾರ್ಖಾನೆ ದೇಶಕ್ಕೆ ಟೆಲಿಫೋನ್ ಮಾಡಿಕೊಟ್ಟಿತು. ಆದ್ದರಿಂದ "ಇದು ನಮ್ಮಂಥವರಿಗೆ ಅರ್ಥ ಆಗೋ ವಿಷಯ ಅಲ್ಲ" ಎಂದು ಪಿನ್ ಕೆಳಗಿಡಬೇಡಿ.

ಯಾವ ತೂತಿಗೆ ಹಾಕಬೇಕು?

ಡೆಸ್ಕ್‌ಟಾಪ್ ಆದರೆ ಸಿಪಿಯು ಡಬ್ಬದ ಹಿಂದುಗಡೆ ಮೂರು ಬಣ್ಣದ ಸಣ್ಣ ತೂತುಗಳಿರುತ್ತವೆ. ಹಸಿರು ಕೇಳುವುದಕ್ಕೆ. ಗುಲಾಬಿ ಮೈಕಿಗೆ. ನೀಲಿ ಬೇರೆ ಯಂತ್ರದ ದನಿಯನ್ನು ಕಂಪ್ಯೂಟರಿಗೆ ತರುವುದಕ್ಕೆ, ನಮಗೆ ಅದು ಬೇಡ. ಕತ್ತಲೆಯಲ್ಲಿ ಕೈ ತಡಕಾಡಿ ನೀಲಿಗೆ ಹಾಕಿ "ಬರ್ತಾ ಇಲ್ಲ" ಎನ್ನುವವರು ಬಹಳ ಜನ. ಮೊಬೈಲ್ ಟಾರ್ಚ್ ಹಿಡಿದು ನೋಡಿ ಹಾಕಿ.

ಡಬ್ಬದ ಮುಂದುಗಡೆಯೂ ಹೆಡ್‌ಫೋನ್ ಮತ್ತು ಮೈಕ್ ಚಿತ್ರದ ತೂತುಗಳಿರುತ್ತವೆ. ಅಂಗಡಿಯಲ್ಲಿ ಜೋಡಿಸಿಕೊಟ್ಟ ಕಂಪ್ಯೂಟರುಗಳಲ್ಲಿ ಕೆಲವೊಮ್ಮೆ ಈ ಮುಂದಿನ ತೂತಿಗೆ ಒಳಗಡೆ ವೈರೇ ಕೊಟ್ಟಿರುವುದಿಲ್ಲ. ಮುಂದೆ ಹಾಕಿ ದನಿ ಬಾರದಿದ್ದರೆ ಹಿಂದೆ ಹಾಕಿ ನೋಡಿ.

ಲ್ಯಾಪ್‌ಟಾಪ್ ಆದರೆ ಪಕ್ಕದಲ್ಲಿ ಸಾಮಾನ್ಯವಾಗಿ ಒಂದೇ ತೂತು. ಈಚಿನ ಲ್ಯಾಪ್‌ಟಾಪುಗಳಲ್ಲಿ ಅದು ನಾಲ್ಕು ಭಾಗದ ಪಿನ್ನಿಗೆ ತಕ್ಕದ್ದು. ಮೊಬೈಲಿನ ಇಯರ್‌ಫೋನ್ ಹಾಕಿದರೆ ಕೇಳುವುದೂ ಮಾತೂ ಎರಡೂ ನಡೆಯುತ್ತೆ.

ಈಗ ಆ ಹುಡುಗಿಯ ಮನೆಯ ಕೊರತೆ ಏನೆಂದು ನಿಮಗೇ ಹೊಳೆದಿರಬೇಕು. ಕಂಪ್ಯೂಟರ್ ಹಳೆಯ ಡೆಸ್ಕ್‌ಟಾಪ್, ಹಸಿರು ಗುಲಾಬಿ ಬೇರೆ ಬೇರೆ. ಹೆಡ್‌ಫೋನ್ ಒಂದೇ ಪಿನ್ನಿನ, ನಾಲ್ಕು ಭಾಗದ್ದು. ಹಸಿರಿಗೆ ಹಾಕಿದರೆ ಕಿವಿಗೆ ಕೇಳುತ್ತೆ, ಮೈಕಿನ ಭಾಗಕ್ಕೆ ಮಾತ್ರ ಅಲ್ಲಿ ಹೋಗಲು ದಾರಿಯೇ ಇಲ್ಲ. ಗುಲಾಬಿ ತೂತು ಖಾಲಿ ಕೂತಿರುತ್ತೆ. 1200 ರೂಪಾಯಿ ಕೊಟ್ಟು ತಂದ ಹೊಸದೂ ಇದೇ ಬಗೆಯದಾಗಿತ್ತು. ಹೀಗಿರುವಾಗ ಎಷ್ಟು ಹೊಸದು ತಂದರೂ ಅಷ್ಟೇ.

ಇದಕ್ಕೆ ಬೇಕಾದದ್ದು ಒಂದು ಕಡೆ ಒಂದು ತೂತು, ಇನ್ನೊಂದು ಕಡೆ ಎರಡು ಪಿನ್ ಇರುವ ಕವಲು ವೈರು. ಒಂದು ಪಿನ್ ಹಸಿರಿಗೆ, ಒಂದು ಗುಲಾಬಿಗೆ. ಕೊಳ್ಳುವಾಗ ಎಚ್ಚರ: ನೋಡಲು ಹೀಗೇ ಇರುವ ಇನ್ನೊಂದು ಕವಲು ವೈರು ಇದೆ. ಅದರಲ್ಲಿ ಒಂದು ಪಿನ್, ಎರಡು ತೂತು. ಅದು ಇಬ್ಬರು ಕೂತು ಒಂದೇ ಹಾಡು ಕೇಳುವುದಕ್ಕೆ, ನಮ್ಮ ಕೆಲಸಕ್ಕೆ ಬರಲ್ಲ. ಅಂಗಡಿಯಲ್ಲಿ "ಮೊಬೈಲ್ ಹೆಡ್‌ಸೆಟ್‌ನ ಡೆಸ್ಕ್‌ಟಾಪ್‌ಗೆ ಹಾಕ್ಬೇಕು, ಮೈಕ್‌ಗೊಂದು ಆಡಿಯೋಗೊಂದು ಪಿನ್ ಇರೋದು ಕೊಡಿ" ಎಂದು ಕೇಳಿ. ಪಿನ್ನಿನ ಬುಡದಲ್ಲಿ ಮೈಕ್ ಚಿತ್ರ ಇದೆಯಾ ನೋಡಿ.

ಏನೂ ಕೇಳಿಸದಿದ್ದರೆ: ಈ ಕ್ರಮದಲ್ಲಿ ನೋಡಿ

ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ನಾಲ್ಕು ಕಡೆ ಒಟ್ಟಿಗೆ ಒತ್ತಿದರೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಕೆಟ್ಟಿತು ಎಂದು ತಿಳಿಯಲ್ಲ.

1. ಪಿನ್ ತೆಗೆದು ಮತ್ತೆ ಹಾಕಿ. ಟಕ್ಕೆಂದು ಕೂರುವ ತನಕ ಒತ್ತಿ. ಅರ್ಧ ಹೊಕ್ಕ ಪಿನ್ನೇ ಎಷ್ಟೋ ತೊಂದರೆಗೆ ಕಾರಣ. ಯುಎಸ್‌ಬಿ ಆದರೆ ಬೇರೆ ತೂತಿಗೆ ಬದಲಿಸಿ ನೋಡಿ.

2. ಹೆಡ್‌ಫೋನಿನ ವೈರಿನ ಮೇಲೆ ಸಣ್ಣ ಗಾಲಿಯೋ ಗುಂಡಿಯೋ ಇದ್ದರೆ ಅದು ದನಿ ಹೆಚ್ಚು ಕಡಿಮೆ ಮಾಡುವುದು. ಪೂರ್ತಿ ಕೆಳಗಿದ್ದರೆ ಕಂಪ್ಯೂಟರಿನಲ್ಲಿ ಎಷ್ಟು ಏರಿಸಿದರೂ ಪ್ರಯೋಜನವಿಲ್ಲ.

3. ಹೆಡ್‌ಫೋನನ್ನು ಪಿನ್ ತೂತು ಇರುವ ಒಂದು ಮೊಬೈಲಿಗೆ ಹಾಕಿ. ಅಲ್ಲಿ ಕೇಳಿದರೆ ಹೆಡ್‌ಫೋನ್ ಸರಿಯಿದೆ, ತೊಂದರೆ ಕಂಪ್ಯೂಟರ್ ಕಡೆ. ಅಲ್ಲೂ ಕೇಳದಿದ್ದರೆ ತೊಂದರೆ ಹೆಡ್‌ಫೋನಿನಲ್ಲೇ. ಅಂಗಡಿಗೆ ಹೋಗಬೇಕೋ ಬೇಡವೋ ಎಂದು ಹೇಳುವ ಪರೀಕ್ಷೆ ಇದು. ನಾವು ಅಂದು ಫೋನಿನಲ್ಲಿ ಇದೊಂದನ್ನು ಕೇಳಿದ್ದರೂ ಸಾಕಿತ್ತು.

4. ಪರದೆಯ ಕೆಳಗೆ ಬಲಮೂಲೆಯಲ್ಲಿ ಗಡಿಯಾರದ ಹತ್ತಿರ ಸ್ಪೀಕರ್ ಚಿತ್ರ ಇದೆ. ಅದರ ಪಕ್ಕ ಅಡ್ಡಗೆರೆಯೋ ಗುಣಿಸು ಗುರುತೋ ಇದ್ದರೆ ದನಿಯನ್ನು ಮುಚ್ಚಲಾಗಿದೆ, ಅಂದರೆ ಮ್ಯೂಟ್ ಆಗಿದೆ. ಕ್ಲಿಕ್ ಮಾಡಿ ತೆರೆಯಿರಿ. ಲ್ಯಾಪ್‌ಟಾಪಿನ ಮೇಲಿನ ಸಾಲಿನ ಕೀಲಿ ತಿಳಿಯದೆ ತಾಗಿದರೂ ಹೀಗಾಗುತ್ತೆ.

5. ದನಿ ಯಾವ ಕಡೆ ಹೋಗುತ್ತಿದೆ ನೋಡಿ. ಕಂಪ್ಯೂಟರಿಗೆ ಸ್ಪೀಕರ್, ಮಾನಿಟರ್, ಹೆಡ್‌ಫೋನ್ ಎಲ್ಲ ಜೋಡಿಸಿದ್ದರೆ ಅದು ಒಂದನ್ನು ಆರಿಸಿಕೊಂಡಿರುತ್ತೆ. ಎಚ್‌ಡಿಎಂಐ ವೈರಿನ ಮಾನಿಟರ್ ಇದ್ದರೆ ದನಿ ಸ್ಪೀಕರೇ ಇಲ್ಲದ ಮಾನಿಟರಿಗೆ ಹೋಗಿ ಅಲ್ಲೇ ಮುಗಿದುಹೋಗುವುದೂ ಉಂಟು. ವಿಂಡೋಸ್ 10ರಲ್ಲಿ ಸ್ಪೀಕರ್ ಚಿತ್ರ ಒತ್ತಿ, ಮೇಲೆ ಕಾಣುವ ಹೆಸರನ್ನು ಒತ್ತಿದರೆ ಪಟ್ಟಿ ಬರುತ್ತೆ. ವಿಂಡೋಸ್ 11ರಲ್ಲಿ ಸ್ಪೀಕರ್ ಚಿತ್ರ ಒತ್ತಿ, ದನಿ ಏರಿಸುವ ಗೆರೆಯ ಪಕ್ಕದ ಗುರುತನ್ನು ಒತ್ತಿ. ಪಟ್ಟಿಯಲ್ಲಿ ನಿಮ್ಮ ಹೆಡ್‌ಫೋನನ್ನು ಆರಿಸಿ.

6. ಪ್ರೋಗ್ರಾಂನ ಒಳಗೂ ಒಂದು ಬೀಗ ಇರತ್ತೆ. ಯೂಟ್ಯೂಬಿಗೆ ತನ್ನದೇ ಸ್ಪೀಕರ್ ಗುರುತಿದೆ. ಜೂಮ್, ಗೂಗಲ್ ಮೀಟ್‌ಗಳಲ್ಲಿ ತಮ್ಮದೇ ಸೆಟ್ಟಿಂಗ್ ಇದೆ. ಹಾಡು ಕೇಳುತ್ತೆ, ಮೀಟಿಂಗ್ ಮಾತ್ರ ಕೇಳಲ್ಲ ಎಂದರೆ ತೊಂದರೆ ಇಲ್ಲೇ ಇದೆ.

7. ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ. ನಗಬೇಡಿ, ಬಹಳ ಸಲ ಇಷ್ಟಕ್ಕೇ ಸರಿಹೋಗುತ್ತೆ.

8. ಇಷ್ಟಾದರೂ ಬಾರದಿದ್ದರೆ ಡ್ರೈವರ್ ನೋಡಬೇಕು. ಡ್ರೈವರ್ ಎಂದರೆ ಹೆಡ್‌ಫೋನಿನ ಭಾಷೆಯನ್ನು ಕಂಪ್ಯೂಟರಿಗೆ ತಿಳಿಸುವ ದುಭಾಷಿ ಎಂದುಕೊಳ್ಳಿ. ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ, 'ಡಿವೈಸ್ ಮ್ಯಾನೇಜರ್' ತೆರೆದು, 'ಸೌಂಡ್' ಎಂದು ಶುರುವಾಗುವ ಸಾಲನ್ನು ಬಿಡಿಸಿ. ಅಲ್ಲಿ ಹಳದಿ ಗುರುತು ಇದ್ದರೆ ದುಭಾಷಿಗೆ ಹುಷಾರಿಲ್ಲ. ಆ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಅನ್‌ಇನ್‌ಸ್ಟಾಲ್ ಡಿವೈಸ್' ಕೊಟ್ಟು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಸಾಮಾನ್ಯವಾಗಿ ತಾನೇ ಮತ್ತೆ ಹಾಕಿಕೊಳ್ಳುತ್ತೆ. ಇದನ್ನು ಮೊದಲ ಸಲ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ.

ಒಂದು ಎಚ್ಚರಿಕೆ. "ನಿಮ್ಮ ಡ್ರೈವರ್ ಕೆಟ್ಟಿದೆ, ಇಲ್ಲಿ ಒತ್ತಿ" ಎಂಬ ಜಾಹೀರಾತನ್ನು ಒತ್ತಬೇಡಿ. ಫೋನಿನಲ್ಲಿ "ನಾವೇ ಸರಿಮಾಡ್ತೀವಿ, ಈ ಆಪ್ ಹಾಕಿಕೊಳ್ಳಿ" ಎನ್ನುವ ಅಪರಿಚಿತರಿಗೆ ನಿಮ್ಮ ಕಂಪ್ಯೂಟರನ್ನು ಒಪ್ಪಿಸಬೇಡಿ. ಸಂಘದ ಲೆಕ್ಕ, ಬ್ಯಾಂಕಿನ ವಿವರ ಎಲ್ಲ ಅದರಲ್ಲೇ ಇರುತ್ತೆ. ಹಾಗೇನಾದರೂ ಆಗಿ ಹಣ ಹೋದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ದೂರಿನ ರಾಷ್ಟ್ರೀಯ ಸಹಾಯವಾಣಿ.

ಒಂದೇ ಕಿವಿಗೆ ಕೇಳಿಸಿದರೆ

ಮೊದಲು ಪಿನ್ ಪೂರ್ತಿ ಒಳಗಿದೆಯಾ ನೋಡಿ. ಆಮೇಲೆ ಪಿನ್ನಿನ ಬುಡದಲ್ಲಿ ವೈರನ್ನು ಮೆಲ್ಲಗೆ ಅತ್ತಿತ್ತ ಬಾಗಿಸಿ. ದನಿ ಬಂದು ಹೋಗಿ ಆಡಿದರೆ ಒಳಗೆ ತಂತಿ ತುಂಡಾಗಿದೆ ಎಂದರ್ಥ. ವೈರನ್ನು ಹಿಡಿದು ಎಳೆದು ತೆಗೆಯುವುದರಿಂದಲೇ ಹೀಗಾಗುವುದು. ಯಾವಾಗಲೂ ಪಿನ್ನಿನ ಬುಡ ಹಿಡಿದು ತೆಗೆಯಿರಿ.

ತೂತಿನೊಳಗೆ ಧೂಳು ಕೂತಿದ್ದರೂ ಹೀಗಾಗುತ್ತೆ. ಸೂಜಿ, ಹೇರ್‌ಪಿನ್ ಹಾಕಿ ಕೆದಕಬೇಡಿ. ಕಂಪ್ಯೂಟರ್ ಆರಿಸಿ, ಒಣಗಿದ ಮೆತ್ತನೆ ಬ್ರಷ್ಷಿನಿಂದ ತೆಗೆಯಿರಿ.

ನಮ್ಮ ಸದಸ್ಯರಲ್ಲಿ ಒಂದು ಕಿವಿ ಮಂದವಾಗಿರುವವರೂ ಇದ್ದಾರೆ. ಎಡಕಿವಿಗೆ ಬೇರೆ, ಬಲಕಿವಿಗೆ ಬೇರೆ ದನಿ ಹೋಗುವಾಗ ಅವರಿಗೆ ಅರ್ಧ ತಪ್ಪಿಹೋಗುತ್ತೆ. ಅವರಿಗಾಗಿ 'ಮೊನೊ ಆಡಿಯೋ' ಎಂಬ ಅನುಕೂಲ ಇದೆ. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ 'ಆಕ್ಸೆಸಿಬಿಲಿಟಿ', ವಿಂಡೋಸ್ 10ರಲ್ಲಿ 'ಈಸ್ ಆಫ್ ಆಕ್ಸೆಸ್' ಒಳಗೆ 'ಆಡಿಯೋ' ತೆರೆದರೆ ಸಿಗುತ್ತೆ. ಅದನ್ನು ಆನ್ ಮಾಡಿದರೆ ಎರಡು ಕಿವಿಗೂ ಪೂರ್ತಿ ದನಿ ಬರುತ್ತೆ.

ಕೇಳುತ್ತೆ, ಆದರೆ ನಮ್ಮ ಮಾತು ಹೋಗಲ್ಲ

ಇದು ಎಲ್ಲಕ್ಕಿಂತ ಮುಖ್ಯವಾದ ಭಾಗ. ದಯವಿಟ್ಟು ಮನೆಯ ಹುಡುಗಿಯರಿಗೂ ಓದಿಸಿ.

1. ಪಿನ್ನಿನ ಗೆರೆ ಎಣಿಸಿ. ಎರಡೇ ಗೆರೆ ಇದ್ದರೆ ಅದರಲ್ಲಿ ಮೈಕೇ ಇಲ್ಲ. ಮೂರು ಗೆರೆ ಇದ್ದು ಕಂಪ್ಯೂಟರಿನಲ್ಲಿ ಹಸಿರು ಗುಲಾಬಿ ಬೇರೆಯಿದ್ದರೆ ಮೇಲೆ ಹೇಳಿದ ಕವಲು ವೈರು ಬೇಕು.

2. ಮೈಕಿನ ಮೇಲೆ ಅಥವಾ ವೈರಿನ ಮೇಲೆ ಮ್ಯೂಟ್ ಗುಂಡಿ ಇದೆಯಾ ನೋಡಿ. ಕೆಲವು ಹೆಡ್‌ಸೆಟ್‌ಗಳಲ್ಲಿ ಮೈಕಿನ ಕಡ್ಡಿಯನ್ನು ಮೇಲಕ್ಕೆತ್ತಿದರೆ ತಾನೇ ಮ್ಯೂಟ್ ಆಗುತ್ತೆ, ಬಾಯಿಯ ಹತ್ತಿರ ಇಳಿಸಿದರೆ ತೆರೆಯುತ್ತೆ.

3. ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್ ಎಂದು ಹೋಗಿ. ಅಲ್ಲಿ 'ಔಟ್‌ಪುಟ್' ಎಂಬುದು ಕೇಳುವ ದಾರಿ, 'ಇನ್‌ಪುಟ್' ಎಂಬುದು ಮಾತಿನ ದಾರಿ. ಇನ್‌ಪುಟ್‌ನಲ್ಲಿ ನಿಮ್ಮ ಮೈಕನ್ನು ಆರಿಸಿ ಮಾತಾಡಿ. ಮಾತಿಗೆ ತಕ್ಕಂತೆ ಅಲ್ಲಿನ ಗೆರೆ ಓಲಾಡಿದರೆ ದನಿ ಕಂಪ್ಯೂಟರಿಗೆ ತಲುಪಿದೆ.

4. ಅನುಮತಿ ಕೊಟ್ಟಿದ್ದೀರಾ ನೋಡಿ. ಯಾರೂ ಕದ್ದು ಕೇಳಬಾರದೆಂದು ಕಂಪ್ಯೂಟರ್ ಮೈಕಿಗೆ ಕಾವಲು ಹಾಕಿರುತ್ತೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ಒಳಗೆ 'ಪ್ರೈವಸಿ ಅಂಡ್ ಸೆಕ್ಯುರಿಟಿ', ವಿಂಡೋಸ್ 10ರಲ್ಲಿ 'ಪ್ರೈವಸಿ', ಅದರೊಳಗೆ 'ಮೈಕ್ರೊಫೋನ್'. ಅಲ್ಲಿ ಆಪ್‌ಗಳಿಗೆ ಅನುಮತಿ ಆನ್ ಇರಬೇಕು. ಕೆಳಗೆ 'ಡೆಸ್ಕ್‌ಟಾಪ್ ಆಪ್ಸ್' ಎಂಬ ಇನ್ನೊಂದು ಇದೆ, ಅದೂ ಆನ್ ಇರಬೇಕು.

5. ಕ್ರೋಮ್‌ನಂಥ ಬ್ರೌಸರಿನಲ್ಲಿ ಸಂದರ್ಶನ ನಡೆದರೆ ಅದು ಮೊದಲ ಸಲ "ಮೈಕ್ ಬಳಸಲೇ?" ಎಂದು ಕೇಳುತ್ತೆ. ಗಾಬರಿಯಲ್ಲಿ 'ಬ್ಲಾಕ್' ಒತ್ತಿಬಿಟ್ಟರೆ ಆಮೇಲೆ ಕೇಳುವುದೇ ಇಲ್ಲ. ವಿಳಾಸ ಬರೆಯುವ ಪಟ್ಟಿಯ ಎಡತುದಿಯ ಗುರುತನ್ನು ಒತ್ತಿ, ಮೈಕ್ರೊಫೋನನ್ನು 'ಅಲೋ' ಮಾಡಿ, ಪುಟವನ್ನು ಮತ್ತೆ ತೆರೆಯಿರಿ.

6. ಜೂಮ್, ಮೀಟ್‌ನಲ್ಲಿ ಮೈಕ್ ಚಿತ್ರದ ಮೇಲೆ ಗೆರೆ ಎಳೆದಿದ್ದರೆ ನೀವು ಮ್ಯೂಟ್‌ನಲ್ಲಿದ್ದೀರಿ. ಒತ್ತಿ ತೆರೆಯಿರಿ.

ಕೊನೆಯದಾಗಿ ಪರೀಕ್ಷೆ. ವಿಂಡೋಸ್ 10ರಲ್ಲಿ 'ವಾಯ್ಸ್ ರೆಕಾರ್ಡರ್', ವಿಂಡೋಸ್ 11ರಲ್ಲಿ 'ಸೌಂಡ್ ರೆಕಾರ್ಡರ್' ತೆರೆದು ನಿಮ್ಮ ಹೆಸರು, ಊರು ಹೇಳಿ ರೆಕಾರ್ಡ್ ಮಾಡಿ, ಮತ್ತೆ ಹಾಕಿ ಕೇಳಿ. ಸಂದರ್ಶನ ನಾಳೆ ಇದ್ದರೆ ಇದನ್ನು ಇವತ್ತೇ ಮಾಡಿ. ಮಾಡಲು ಐದು ನಿಮಿಷ ಸಾಕು.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಕಂಪನಿಯವರು ಸಾಮಾನ್ಯ ಬೆಂಬಲ ನಿಲ್ಲಿಸಿದ್ದಾರೆ. ಅದಿರುವ ಕಂಪ್ಯೂಟರ್ ನಿಂತುಹೋಗಲ್ಲ, ಹೆಡ್‌ಫೋನೂ ಕೆಲಸ ಮಾಡುತ್ತೆ. ಆದರೆ ಬ್ಯಾಂಕಿನ ಕೆಲಸಕ್ಕೆ ಬಳಸುವವರು ವಿಂಡೋಸ್ 11 ಹಾಕಲು ಬರುತ್ತಾ ಎಂದು ವಿಚಾರಿಸುವುದು ಒಳ್ಳೆಯದು.

ಬ್ಲೂಟೂತ್ ಇರುವವರಿಗೆ

ಬ್ಲೂಟೂತ್ ಹೆಡ್‌ಫೋನನ್ನು ಮೊದಲು ಕಂಪ್ಯೂಟರಿಗೆ ಪರಿಚಯ ಮಾಡಿಸಬೇಕು. ಅದರ ಗುಂಡಿಯನ್ನು ದೀಪ ಮಿನುಗುವ ತನಕ ಒತ್ತಿ ಹಿಡಿಯಿರಿ. ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ಆನ್ ಮಾಡಿ, 'ಆಡ್ ಡಿವೈಸ್' ಕೊಟ್ಟು ಹೆಸರು ಬಂದಾಗ ಒತ್ತಿ. ಹೆಸರೇ ಬಾರದಿದ್ದರೆ ಅದು ಮನೆಯ ಯಾರದೋ ಮೊಬೈಲಿಗೆ ಅಂಟಿಕೊಂಡಿರಬಹುದು. ಆ ಮೊಬೈಲಿನ ಬ್ಲೂಟೂತ್ ಸ್ವಲ್ಪ ಹೊತ್ತು ಆರಿಸಿ. ಹಳೆಯ ಡೆಸ್ಕ್‌ಟಾಪುಗಳಲ್ಲಿ ಬ್ಲೂಟೂತ್ ಇರುವುದೇ ಅಪರೂಪ, ಅದಕ್ಕೆ ಯುಎಸ್‌ಬಿಗೆ ಹಾಕುವ ಸಣ್ಣ ಡಾಂಗಲ್ ಬೇಕು.

ಹಾಡು ಚೆನ್ನಾಗಿ ಕೇಳುತ್ತೆ, ಮೀಟಿಂಗ್ ಶುರುವಾದ ಕೂಡಲೇ ದನಿ ಡಬ್ಬದೊಳಗಿಂದ ಬಂದ ಹಾಗೆ ಆಗುತ್ತೆ ಎಂದು ಕೆಲವರು ಹೇಳುತ್ತಾರೆ. ಅದು ಕೆಟ್ಟದ್ದಲ್ಲ. ಮೈಕನ್ನೂ ಬಳಸುವಾಗ ಎಷ್ಟೋ ಬ್ಲೂಟೂತ್ ಹೆಡ್‌ಫೋನುಗಳು ದನಿಯ ಗುಣಮಟ್ಟ ಇಳಿಸುತ್ತವೆ. ಇನ್‌ಪುಟ್‌ನಲ್ಲಿ ಲ್ಯಾಪ್‌ಟಾಪಿನ ಸ್ವಂತ ಮೈಕನ್ನು ಆರಿಸಿದರೆ ಕಿವಿಯ ದನಿ ಸುಧಾರಿಸುತ್ತೆ. ಸಂದರ್ಶನಕ್ಕೆ ಮಾತ್ರ ವೈರಿನದೇ ವಾಸಿ. ನಡುವೆ ಚಾರ್ಜ್ ಮುಗಿಯುವ ಭಯವಿಲ್ಲ.

ಕಿವಿಯ ಬಗ್ಗೆ ಎರಡು ಮಾತು

ಹೊರಗೆ ಬಸ್ಸು, ಆಟೋ, ಪಕ್ಕದಲ್ಲಿ ಮಿಕ್ಸಿ. ದನಿ ಸಾಲದೆಂದು ಏರಿಸುತ್ತಾ ಹೋಗುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದೊಡ್ಡವರು 80 ಡೆಸಿಬಲ್ ದನಿಯನ್ನು ವಾರಕ್ಕೆ 40 ಗಂಟೆ ಮೀರದಂತೆ ಕೇಳಬೇಕು. ಮಕ್ಕಳಿಗೆ 75 ಡೆಸಿಬಲ್. ಡೆಸಿಬಲ್ ಅಳೆಯುವ ಯಂತ್ರ ನಮ್ಮ ಮನೆಯಲ್ಲಿಲ್ಲ. ಆದ್ದರಿಂದ ದನಿಯ ಗೆರೆಯನ್ನು ಅರ್ಧದಿಂದ ಸ್ವಲ್ಪ ಮೇಲೆ, 60ರ ಒಳಗೆ ಇಡಿ. ಗಂಟೆಗೊಮ್ಮೆ ತೆಗೆದು ಕಿವಿಗೆ ಬಿಡುವು ಕೊಡಿ. ಒಳಕಿವಿಯಲ್ಲಿ ದನಿಯನ್ನು ಹಿಡಿಯುವ ಸೂಕ್ಷ್ಮ ಕೋಶಗಳಿವೆ. ಒಮ್ಮೆ ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ನಿಲ್ಲದಿದ್ದರೆ ಕಿವಿಯ ಡಾಕ್ಟರಿಗೆ ತೋರಿಸಿ.

ಸಂಘದಲ್ಲಿ ಒಂದೇ ಹೆಡ್‌ಫೋನನ್ನು ನಾಲ್ಕು ಜನ ಬಳಸುವುದಾದರೆ ಕಿವಿಗೆ ತಾಗುವ ಭಾಗವನ್ನು ಒರೆಸಿ ಕೊಡಿ. ಕಿವಿ ಸೋರುವವರು ಬಳಸಬೇಡಿ.

ಕೊಳ್ಳುವಾಗ, ಬಿಸಾಡುವಾಗ

ಕೊಳ್ಳಲೇಬೇಕಾದರೆ ಮೊದಲು ಕಂಪ್ಯೂಟರಿನ ತೂತು ನೋಡಿ, ಮೊಬೈಲಿನಲ್ಲಿ ಅದರ ಫೋಟೋ ತೆಗೆದು ಅಂಗಡಿಗೆ ತೋರಿಸಿ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕೊಂಡರೂ ಎಸ್.ಪಿ. ರಸ್ತೆಗೆ ಹೋದರೂ ಅಂಗಡಿಯಲ್ಲೇ ಹಾಕಿಸಿ ಕೇಳಿ, ಮಾತಾಡಿ ನೋಡಿ, ಬಿಲ್ ಮತ್ತು ವಾರಂಟಿ ಕೇಳಿ ಪಡೆಯಿರಿ. ಡೆಸ್ಕ್‌ಟಾಪಿಗೂ ಲ್ಯಾಪ್‌ಟಾಪಿಗೂ ಎರಡಕ್ಕೂ ಬೇಕೆಂದರೆ ಯುಎಸ್‌ಬಿ ಹೆಡ್‌ಸೆಟ್ ತಲೆನೋವು ಕಡಿಮೆ.

ನಿಜವಾಗಿ ಕೆಟ್ಟದ್ದನ್ನು ಕಸದ ಜೊತೆ ಹಾಕಬೇಡಿ, ಸುಡಲೂ ಬೇಡಿ. ವೈರು ಸುಟ್ಟ ಹೊಗೆ ಮಕ್ಕಳ ಎದೆಗೆ ವಿಷ. ದೇಶದಲ್ಲಿ 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮಗಳು ಜಾರಿಯಲ್ಲಿವೆ. ಇಂಥ ವಸ್ತುಗಳನ್ನು ಬೇರೆಯಾಗಿಟ್ಟು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ.

ಆ ಹುಡುಗಿ ಏನಾದಳು?

ಮೊದಲ ಕಚೇರಿಯವರು ಮತ್ತೆ ಕರೆಯಲಿಲ್ಲ. ಕವಲು ವೈರು ಹಾಕಿದ ಸಂಜೆ ಅವಳು ರೆಕಾರ್ಡರ್ ತೆರೆದು ತನ್ನ ಹೆಸರು ಹೇಳಿ, ಮತ್ತೆ ಹಾಕಿ ಕೇಳಿದಳು. ಅವಳ ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಬಂದು, "ಇನ್ನೊಂದ್ಸಲ ಹಾಕೇ" ಎಂದರು. ಎರಡನೆಯ ಸಂದರ್ಶನದಲ್ಲಿ ಕೆಲಸ ಸಿಗಲಿಲ್ಲ, ಆದರೆ ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಎದ್ದಳು. ಮೂರನೆಯದರಲ್ಲಿ ಸಿಕ್ಕಿತು. ಸಾಲವನ್ನು ತಿಂಗಳಿಗೆ 200 ರೂಪಾಯಿಯಂತೆ ಆರು ಕಂತಿನಲ್ಲಿ ಬಡ್ಡಿ ಸೇರಿಸಿ ತಾಯಿ ತೀರಿಸಿದರು. ಹಳೆಯ ಹೆಡ್‌ಫೋನನ್ನು ಸಂಘಕ್ಕೆ ಕೊಟ್ಟಿದ್ದಾರೆ. ಯಾರ ಮನೆಯ ಮಕ್ಕಳಿಗೆ ಸಂದರ್ಶನ ಇದ್ದರೂ ಹಿಂದಿನ ದಿನ ಒಯ್ದು ಪರೀಕ್ಷೆ ಮಾಡಬಹುದು.

ಮುಂದಿನ ಸಭೆಗೆ ಬರುವಾಗ ನಿಮ್ಮ ಮನೆಯಲ್ಲಿ "ಕೆಟ್ಟಿದೆ" ಎಂದು ಎತ್ತಿಟ್ಟ ಹೆಡ್‌ಫೋನ್ ಇದ್ದರೆ ತನ್ನಿ. ಪಿನ್ನಿನ ಗೆರೆ ಎಣಿಸಿಕೊಂಡು ಬನ್ನಿ. ಉಳಿದದ್ದನ್ನು ಕೂತು ಒಟ್ಟಿಗೆ ನೋಡೋಣ.